ಫೋನಿನ ನೀಲಿ ಪ್ರೆಸ್ಸಿನಲ್ಲಿ ನೇರಳೆಯಾಗುವುದೇಕೆ?

ಮದುವೆಯ ಸುಗ್ಗಿಯಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಮುಂದೆ ನಿಂತರೆ ಈ ಮಾತುಕತೆ ಕಿವಿಗೆ ಬೀಳದೇ ಇರದು. ಅಪ್ಪ ಬಂಡಲ್ ಬಿಚ್ಚಿ ಒಂದು ಪತ್ರಿಕೆ ಹೊರತೆಗೆಯುತ್ತಾರೆ. ಪಕ್ಕದಲ್ಲಿದ್ದ ಮಗಳು ಅದನ್ನು ತನ್ನ ಫೋನಿನ ಪಕ್ಕ ಹಿಡಿದು ನೋಡುತ್ತಾಳೆ. ಫೋನಿನಲ್ಲಿ ಹೊಳೆಯುವ ರಾಯಲ್ ಬ್ಲೂ ಹಿನ್ನೆಲೆ, ಕೈಯಲ್ಲಿರುವ ಕಾಗದದಲ್ಲಿ ಮಂಕು ನೇರಳೆ. ಅಂಚಿನ ಗಿಳಿಹಸಿರು ಬಾಡಿದ ಎಲೆಯಂತಾಗಿದೆ. ಜರಿಯ ಚಿನ್ನದ ಬಣ್ಣ ಕಂದಾಗಿದೆ. "ಇದು ನಾವು ಓಕೆ ಮಾಡಿದ್ದ ಬಣ್ಣ ಅಲ್ಲ ಅಣ್ಣಾ" ಎಂದು ಆಕೆ. "ಅದೇ ಫೈಲ್ ಮೇಡಂ, ನಾವೇನೂ ಮುಟ್ಟಿಲ್ಲ" ಎಂದು ಅಂಗಡಿಯವರು.

ಇಬ್ಬರೂ ಹೇಳುತ್ತಿರುವುದು ನಿಜ. ಕಡತ ಅದೇ, ಬಣ್ಣ ಬೇರೆ. ಪರದೆಯಿಂದ ಕಾಗದಕ್ಕೆ ಹೋಗುವ ದಾರಿಯಲ್ಲಿ ಪ್ರತಿಯೊಂದು ಬಣ್ಣವೂ ಒಂದು ಪರಿವರ್ತನೆಗೆ ಒಳಗಾಗುತ್ತದೆ. ಡಿಟಿಪಿ ಮಾಡುವವರ ಮಾತಿನಲ್ಲಿ ಹೇಳುವುದಾದರೆ, ಆರ್‌ಜಿಬಿ ಇದ್ದದ್ದು ಸಿಎಂವೈಕೆ ಆಗುತ್ತದೆ. ಈ ಬದಲಾವಣೆಯಲ್ಲಿ ಒಂದಷ್ಟು ಬಣ್ಣ ಕಳೆದೇ ಹೋಗುತ್ತದೆ. ಯಾವುದನ್ನು ಕಳೆಯಬೇಕು, ಯಾವುದನ್ನು ಉಳಿಸಬೇಕು ಎಂದು ತಿಳಿದವರು ಕೂತು ತೀರ್ಮಾನಿಸಬಹುದು. ಯಾರೂ ತೀರ್ಮಾನಿಸದಿದ್ದರೆ ಯಂತ್ರವೇ ತೀರ್ಮಾನಿಸುತ್ತದೆ. ಲಗ್ನಪತ್ರಿಕೆ, ಪುಸ್ತಕ, ಕರಪತ್ರ ಏನೇ ಇರಲಿ, ಅಚ್ಚಿಗೆ ಕೊಡುವ ಪ್ರತಿಯೊಬ್ಬರೂ ಇಷ್ಟನ್ನು ತಿಳಿದಿರುವುದು ಒಳ್ಳೆಯದು.

ಬೆಳಕಿನ ಬಣ್ಣ, ಶಾಯಿಯ ಬಣ್ಣ

ಫೋನಿನ ಪರದೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಕೆಂಪು, ಹಸಿರು, ನೀಲಿ ಬೆಳಕಿನ ಪುಟ್ಟ ಪುಟ್ಟ ಕಣಗಳು ಮಾತ್ರ. ಮೂರೂ ಆರಿದ್ದರೆ ಕಪ್ಪು. ಮೂರೂ ಪೂರ್ತಿ ಉರಿದರೆ ಬಿಳಿ. ಕೆಂಪು ಹಸಿರು ಸೇರಿದರೆ ಹಳದಿ. ಒಂದೊಂದು ಬೆಳಕಿಗೂ 0ಯಿಂದ 255ರವರೆಗೆ 256 ಹಂತಗಳಿವೆ. ಮೂರನ್ನೂ ಕೂಡಿಸಿದರೆ ಸುಮಾರು 1.67 ಕೋಟಿ ಜೋಡಣೆಗಳು ಸಿಗುತ್ತವೆ. ಇದೇ ಆರ್‌ಜಿಬಿ.

ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವು. ಅದಕ್ಕೇ ಮೂರು ಬೆಳಕು ಸಾಕಾಗುತ್ತದೆ. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಇದನ್ನು ತೋರಿಸಿಕೊಟ್ಟರು. ಬಣ್ಣಬಣ್ಣದ ಪಟ್ಟೆಗಳ ಒಂದು ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಪ್ರತ್ಯೇಕವಾಗಿ ಚಿತ್ರ ತೆಗೆಸಿ, ಅವನ್ನು ಅದೇ ಮೂರು ಬೆಳಕಿನಲ್ಲಿ ಒಂದರ ಮೇಲೊಂದು ಪರದೆಗೆ ಬಿಟ್ಟಾಗ ರಿಬ್ಬನ್ ಬಣ್ಣದಲ್ಲಿ ಮೂಡಿತು. ಇಂದಿನ ಟಿವಿ, ಫೋನುಗಳೆಲ್ಲ ನಡೆಯುತ್ತಿರುವುದು ಅದೇ ತತ್ವದ ಮೇಲೆ.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕಿಟಕಿಯಿಂದಲೋ ಟ್ಯೂಬ್‌ಲೈಟಿನಿಂದಲೋ ಬಿದ್ದ ಬೆಳಕನ್ನು ಅದು ಹಿಂದಕ್ಕೆ ಕಳಿಸುತ್ತದೆ. ಮೇಲಿರುವ ಶಾಯಿ ಆ ಬೆಳಕಿನಲ್ಲಿ ಒಂದು ಪಾಲನ್ನು ನುಂಗುತ್ತದೆ. ಸಯಾನ್ ಎಂಬ ತಿಳಿನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು, ಹಳದಿ ಶಾಯಿ ನೀಲಿಯನ್ನು. ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಪರದೆಯಲ್ಲಿ ಬಣ್ಣ ಸೇರಿದಷ್ಟೂ ಬೆಳಕು ಹೆಚ್ಚುತ್ತದೆ. ಕಾಗದದಲ್ಲಿ ಬಣ್ಣ ಸೇರಿದಷ್ಟೂ ಬೆಳಕು ತಗ್ಗುತ್ತದೆ. ಎಲ್ಲ ತೊಡಕಿನ ಬೇರೂ ಇದೇ.

ನಾಲ್ಕನೆಯ ಶಾಯಿ ಬಂದದ್ದು

ಮೂರು ಶಾಯಿಯನ್ನು ಪೂರ್ತಿ ಬೆರೆಸಿದರೆ ಲೆಕ್ಕದ ಪ್ರಕಾರ ಕಪ್ಪು ಬರಬೇಕು. ಬರುವುದು ಕೆಸರು ಕಂದು. ಯಾವ ಶಾಯಿಯೂ ತನಗೆ ಒಪ್ಪಿಸಿದ ಬೆಳಕನ್ನಷ್ಟೇ ನುಂಗುವಷ್ಟು ಶುದ್ಧವಲ್ಲ. ಜೊತೆಗೆ ಮೂರು ಪದರ ಶಾಯಿ ಒಣಗುವುದೂ ನಿಧಾನ, ಖರ್ಚೂ ಹೆಚ್ಚು. ಹಾಗಾಗಿ ಕಪ್ಪನ್ನು ಪ್ರತ್ಯೇಕ ಶಾಯಿಯಾಗಿ ಸೇರಿಸಿಕೊಳ್ಳುತ್ತಾರೆ.

ಇದು ಹಳೆಯ ಬುದ್ಧಿ. ಯಾಕೋಬ್ ಕ್ರಿಸ್ಟೋಫ್ ಲೆ ಬ್ಲಾನ್ ಎಂಬ ಕಲಾವಿದ ನೀಲಿ, ಹಳದಿ, ಕೆಂಪಿನ ಮೂರು ತಗಡುಗಳಿಂದ ಪೂರ್ಣ ಬಣ್ಣದ ಚಿತ್ರ ಅಚ್ಚು ಹಾಕುವ ವಿಧಾನಕ್ಕೆ 1719ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಮುಂದೆ ಅದಕ್ಕೆ ಕಪ್ಪಿನ ತಗಡೂ ಸೇರಿತು. ನಮ್ಮಲ್ಲಿ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಛಾಪಖಾನೆಯ ದಾರಿ ಬೇರೆ. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಮನೆಮನೆಯ ಗೋಡೆಗೆ ಬಂದ ಲಕ್ಷ್ಮಿ, ಸರಸ್ವತಿಯರ ಪಟಗಳು ಹಾಗೆ ಹಲವು ಕಲ್ಲುಗಳ ಮೇಲಿಂದ ಇಳಿದವು. ಬೇಕಾದ ಬಣ್ಣವನ್ನೇ ಕಲಸಿ ಹಚ್ಚುವ ಆ ಪದ್ಧತಿಯಲ್ಲಿ ಬಣ್ಣದ ಸ್ವಾತಂತ್ರ್ಯ ಹೆಚ್ಚು, ಶ್ರಮವೂ ಹೆಚ್ಚು.

ಇಂದಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾಲ್ಕೇ ಪ್ಲೇಟು: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಇದೇ ಸಿಎಂವೈಕೆ. ಮಷಿನ್ ನಡೆಸುವವರ ಬಾಯಲ್ಲಿ ಅವು ಬ್ಲೂ, ರೆಡ್, ಯಲ್ಲೋ, ಬ್ಲಾಕ್. ಈ ನಾಲ್ಕರಲ್ಲೇ ಮಲ್ಲಿಗೆಯ ಬಿಳಿಯಿಂದ ಕಾಡಿಗೆಯ ಕಪ್ಪಿನವರೆಗೆ ಎಲ್ಲವೂ ಮೂಡಬೇಕು.

ಚುಕ್ಕಿಗಳ ಕರಾಮತ್ತು

ಪ್ರೆಸ್ಸಿಗೆ ತಿಳಿಗುಲಾಬಿ ಶಾಯಿ ಎಂಬುದಿಲ್ಲ. ಮೆಜೆಂಟಾ ಒಂದು ಜಾಗದಲ್ಲಿ ಬೀಳುತ್ತದೆ ಅಥವಾ ಬೀಳುವುದಿಲ್ಲ, ಅಷ್ಟೇ. ತಿಳಿ ಮಾಡಬೇಕೆಂದರೆ ಚುಕ್ಕಿಯನ್ನು ಸಣ್ಣದು ಮಾಡಿ ಸುತ್ತ ಬಿಳಿ ಕಾಗದ ಬಿಡಬೇಕು. ದೂರದಿಂದ ನೋಡುವ ಕಣ್ಣು ಎರಡನ್ನೂ ಬೆರೆಸಿಕೊಂಡು ಗುಲಾಬಿ ಎನ್ನುತ್ತದೆ. ಸಿಎಂವೈಕೆಯಲ್ಲಿ 0ಯಿಂದ 100ರವರೆಗೆ ಬರೆಯುವ ಅಂಕಿಗಳು ಹೇಳುವುದು ಇದನ್ನೇ: ಕಾಗದದ ನೂರು ಪಾಲಿನಲ್ಲಿ ಎಷ್ಟು ಪಾಲು ಈ ಶಾಯಿ ಮುಚ್ಚಬೇಕು ಎಂದು.

ನಾಲ್ಕು ಶಾಯಿಯ ಚುಕ್ಕಿಗಳು ಒಂದರ ಮೇಲೊಂದು ಗೊಂದಲವಾಗದಂತೆ ಅವುಗಳ ಸಾಲನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸುತ್ತಾರೆ. ಸಾಮಾನ್ಯವಾಗಿ ಸಯಾನ್ 15 ಡಿಗ್ರಿ, ಮೆಜೆಂಟಾ 75, ಕಪ್ಪು 45, ಹಳದಿ 0. ದಿನಪತ್ರಿಕೆಯಲ್ಲಿ ಒಂದು ಅಂಗುಲಕ್ಕೆ ಸುಮಾರು 85ರಿಂದ 120 ಸಾಲು ಚುಕ್ಕಿಗಳಿರುತ್ತವೆ. ನುಣುಪಾದ ಆರ್ಟ್ ಪೇಪರಿನಲ್ಲಿ 150ರಿಂದ 175. ಅಚ್ಚಾದ ಪುಟವೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಚಿತ್ರಗಳಲ್ಲಿ ಆ ಚುಕ್ಕಿಗಳ ಹೂಬಳ್ಳಿ ಕಾಣುತ್ತದೆ.

ಕಾಗದ ಶಾಯಿಯನ್ನು ಹೀರುತ್ತದೆ, ಚುಕ್ಕಿ ಹರಡುತ್ತದೆ. ನ್ಯೂಸ್‌ಪ್ರಿಂಟಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ 50ರ ಚುಕ್ಕಿ ಅಚ್ಚಾದ ಮೇಲೆ ಸುಮಾರು 76ರಂತೆ ಕಾಣುತ್ತದೆ ಎಂದೇ ಲೆಕ್ಕ ಹಿಡಿದಿದ್ದಾರೆ. ಆರ್ಟ್ ಪೇಪರಿನಲ್ಲಿ ಈ ಹರಡುವಿಕೆ ಸುಮಾರು ಅದರ ಅರ್ಧ. ಅಂದರೆ ಒಂದೇ ಅಂಕಿ ಎರಡು ಕಾಗದದಲ್ಲಿ ಎರಡು ಬಣ್ಣ. ಕಾಗದ ಯಾವುದು ಎಂದು ಗೊತ್ತಿಲ್ಲದೆ ಮಾಡಿದ ಪರಿವರ್ತನೆಗೆ ಅರ್ಥವೇ ಇಲ್ಲ ಎನ್ನುವುದು ಇದಕ್ಕೇ.

ದಾಟಿ ಬಾರದ ಬಣ್ಣಗಳು

ಪರದೆ ತೋರಿಸಬಲ್ಲ ಕೆಲವು ಬಣ್ಣಗಳನ್ನು ನಾಲ್ಕು ಶಾಯಿಯಲ್ಲಿ ತರಲು ಸಾಧ್ಯವೇ ಇಲ್ಲ. ನಮಗೆ ಪ್ರಿಯವಾದ ರೇಷ್ಮೆ ಸೀರೆಯ ಬಣ್ಣಗಳೇ ಬಹುಪಾಲು ಈ ಪಟ್ಟಿಯಲ್ಲಿವೆ: ಮಿಂಚುವ ರಾಣಿ ಪಿಂಕ್, ಗಿಳಿಹಸಿರು, ರಾಯಲ್ ಬ್ಲೂ, ಹೊಳೆವ ಕಿತ್ತಳೆ.

ಎಲ್ಲಕ್ಕಿಂತ ಹೆಚ್ಚು ಜಗಳ ತರುವುದು ನೀಲಿ. ಪರದೆಯ ಅಚ್ಚ ನೀಲಿಯನ್ನು ಫೋಟೋಶಾಪ್‌ನಲ್ಲಿ ಅಮೆರಿಕದ ಮುದ್ರಣ ಪದ್ಧತಿಯ ಪ್ರೊಫೈಲಿಗೆ (ಪ್ರೊಫೈಲ್ ಎಂದರೇನೆಂದು ಮುಂದೆ ನೋಡೋಣ) ಬದಲಿಸಿದರೆ ಸಯಾನ್ 88, ಮೆಜೆಂಟಾ 77 ಎಂದು ಬರುತ್ತದೆ. ಸಯಾನಿಗೆ ಅಷ್ಟು ಹತ್ತಿರ ಮೆಜೆಂಟಾ ಬಂದರೆ ಕಾಗದದ ಮೇಲೆ ಕಾಣುವುದು ನೇರಳೆ. ಅನುಭವವುಳ್ಳ ಡಿಟಿಪಿ ಆಪರೇಟರುಗಳು ಇಲ್ಲಿ ಕೈಹಾಕಿ ಮೆಜೆಂಟಾ ಇಳಿಸುತ್ತಾರೆ. ಸಯಾನ್ 100 ಇದ್ದರೆ ಮೆಜೆಂಟಾ 70 ದಾಟದಂತೆ, ಎರಡರ ನಡುವೆ 30ರ ಅಂತರ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಪರದೆಯ ಹೊಳಪು ಆಗಲೂ ಬಾರದು, ಆದರೆ ನೀಲಿ ನೀಲಿಯಾಗಿ ಉಳಿಯುತ್ತದೆ.

ಚಿನ್ನದ ಕತೆ ಬೇರೆ. ಪರದೆಯಲ್ಲೂ ಚಿನ್ನದ ಬಣ್ಣ ಎಂಬುದಿಲ್ಲ. ಹಳದಿ, ಕಂದು, ಬಿಳಿಯ ನೆರಳು ಬೆಳಕು ಸೇರಿ ಚಿನ್ನದ ಭಾಸವಾಗುತ್ತದೆ. ನಾಲ್ಕು ಶಾಯಿಯಲ್ಲಿ ಬೆಳಕಿನ ಬಲ ಕಳೆದು ಕಂದಷ್ಟೇ ಉಳಿಯುತ್ತದೆ. ಜರಿ ಜರಿಯಂತೆ ಕಾಣಬೇಕಾದರೆ ಲೋಹದ ಪುಡಿ ಬೆರೆಸಿದ ಶಾಯಿ ಬೇಕು, ಇಲ್ಲವೇ ಬಿಸಿಯೊತ್ತಿ ಅಂಟಿಸುವ ಫಾಯಿಲ್ ಬೇಕು. ಹಾಗೆಯೇ ಕಂಪನಿಯ ಲಾಂಛನಕ್ಕೆ ಒಂದೇ ನಿಖರ ಕಿತ್ತಳೆ ಬೇಕೆಂದರೆ ಅದನ್ನೇ ಕಲಸಿ ಐದನೆಯ ಪ್ಲೇಟಿನಲ್ಲಿ ಕೂರಿಸುತ್ತಾರೆ. ಪ್ಯಾಂಟೋನ್ ಸಂಸ್ಥೆ 1963ರಿಂದ ತರುತ್ತಿರುವ ಬಣ್ಣದ ಪುಸ್ತಿಕೆಗಳು ಪ್ರೆಸ್ಸುಗಳಲ್ಲಿ ಇರುವುದು ಅದಕ್ಕಾಗಿ.

ಎಲ್ಲ ಬಣ್ಣವೂ ಕೈಕೊಡುವುದಿಲ್ಲ. ನವೆಂಬರ್ ಬಂದರೆ ಎಲ್ಲೆಡೆ ಅಚ್ಚಾಗುವ ಕನ್ನಡ ಬಾವುಟದ ಹಳದಿ, ಕೆಂಪು ಎರಡೂ ಶಾಯಿಗೆ ಒಲಿಯುವ ಬಣ್ಣಗಳೇ. ಹಳದಿ ಹೆಚ್ಚುಕಡಿಮೆ ನೇರವಾಗಿ ಹಳದಿ ಪ್ಲೇಟಿನಿಂದ ಬರುತ್ತದೆ. ಕೆಂಪು, ಮೆಜೆಂಟಾ ಹಳದಿಗಳ ತುಂಬು ಜೋಡಣೆ.

ಪ್ರೊಫೈಲ್ ಏನು ಮಾಡುತ್ತದೆ?

ಬರೀ 88, 77 ಎಂಬ ಅಂಕಿಗಳು ಬಣ್ಣವನ್ನು ಹೇಳುವುದಿಲ್ಲ. ಯಾವ ಯಂತ್ರದ, ಯಾವ ಶಾಯಿಯ, ಯಾವ ಕಾಗದದ ಮೇಲೆ ಎಂಬುದೂ ಬೇಕು. ಆ ಮಾಹಿತಿಯ ಪಟ್ಟಿಯೇ ಪ್ರೊಫೈಲ್. 1993ರಲ್ಲಿ ಎಂಟು ಕಂಪನಿಗಳು ಸೇರಿ ಕಟ್ಟಿದ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟ, ಅಂದರೆ ಐಸಿಸಿ, ಇದಕ್ಕೊಂದು ಸಾಮಾನ್ಯ ರೂಪ ಕೊಟ್ಟಿತು. ಪರದೆಯ ಕಡೆಯಿಂದ ಎಸ್‌ಆರ್‌ಜಿಬಿ ಹೆಚ್ಚು ಬಳಕೆಯದು. ಮುದ್ರಣದ ಕಡೆಯಿಂದ ಯುರೋಪಿನ ಫೋಗ್ರಾ, ಅಮೆರಿಕದ ಸ್ವಾಪ್ ಎಂಬ ಹೆಸರುಗಳು ಪ್ರೆಸ್ಸುಗಳಲ್ಲಿ ಕೇಳಿಬರುತ್ತವೆ.

ಪರಿವರ್ತನೆಯ ವೇಳೆ ತಂತ್ರಾಂಶ ಮೊದಲು ಪರದೆಯ ಅಂಕಿಯನ್ನು ಮನುಷ್ಯನ ಕಣ್ಣಿಗೆ ಕಾಣುವ ಬಣ್ಣದ ಅಳತೆಗೆ ಬದಲಿಸುತ್ತದೆ. ಈ ಅಳತೆಯ ಅಡಿಪಾಯವನ್ನು 1931ರಲ್ಲೇ ಹಾಕಲಾಯಿತು. 1976ರಲ್ಲಿ ಅದರ ಸುಧಾರಿತ ರೂಪ ಬಂತು. ಆಮೇಲೆ ಅದೇ ಬಣ್ಣ ಕಾಣಿಸಲು ಗೊತ್ತಾದ ಕಾಗದದ ಮೇಲೆ ನಾಲ್ಕು ಶಾಯಿ ಎಷ್ಟೆಷ್ಟು ಬೇಕೆಂದು ಪ್ರೊಫೈಲಿನಲ್ಲಿ ಹುಡುಕುತ್ತದೆ.

ಸಿಗದ ಬಣ್ಣಗಳಿಗೆ ಏನು ಮಾಡಬೇಕು? ಇಲ್ಲಿ ಮುಖ್ಯವಾಗಿ ಎರಡು ದಾರಿ. ಮೂವರು ಕೂರುವ ಬಸ್ಸಿನ ಸೀಟಿಗೆ ನಾಲ್ಕನೆಯವರು ಬಂದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೂರಬಹುದು. ಇಲ್ಲವೇ ಕೂತವರು ಕೂತಲ್ಲೇ ಇದ್ದು ಬಂದವರು ಅಂಚಿನಲ್ಲಿ ಒರಗಬಹುದು. ಮೊದಲನೆಯದು ಪರ್ಸೆಪ್ಚುಯಲ್ ಎಂಬ ವಿಧಾನ. ಎಲ್ಲ ಬಣ್ಣವೂ ತುಸು ತಗ್ಗುತ್ತದೆ, ಆದರೆ ಒಂದಕ್ಕೊಂದರ ನಡುವಿನ ಅಂತರ ಉಳಿಯುತ್ತದೆ. ಹೂವು, ಸೀರೆ, ಸಂಜೆಯ ಆಕಾಶದಂಥ ಗಾಢ ಬಣ್ಣಗಳ ಫೋಟೋಗಳಿಗೆ ಇದು ಒಳ್ಳೆಯದು. ಎರಡನೆಯದು ರೆಲೆಟಿವ್ ಕಲರಿಮೆಟ್ರಿಕ್. ಕಾಗದಕ್ಕೆ ದಕ್ಕುವ ಬಣ್ಣಗಳು ಇದ್ದಂತೆಯೇ ಇರುತ್ತವೆ. ದಕ್ಕದವು ಅಂಚಿನ ಅತಿ ಹತ್ತಿರದ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಮುಖಗಳು, ಲಾಂಛನಗಳು, ಸೌಮ್ಯ ಬಣ್ಣದ ಚಿತ್ರಗಳಿಗೆ ಇದು ಸರಿ. ಈ ಆಯ್ಕೆ ತಂತ್ರಾಂಶದ ಒಂದು ಸಣ್ಣ ಪಟ್ಟಿಯಲ್ಲಿ ಅಡಗಿರುತ್ತದೆ. ಅದನ್ನು ತೆರೆದು ಎರಡನ್ನೂ ನೋಡುವ ತಾಳ್ಮೆ ಇರುವವರ ಪುಟಗಳು ಬೇರೆಯಾಗಿಯೇ ಕಾಣುತ್ತವೆ.

ಇನ್ನೊಂದು ಎಚ್ಚರಿಕೆ ಮುಖ್ಯ. ಪ್ರೊಫೈಲಿಗೆ ಪರಿವರ್ತಿಸುವುದು ಬೇರೆ, ಪ್ರೊಫೈಲ್ ಅಂಟಿಸುವುದು ಬೇರೆ. ಪರಿವರ್ತಿಸಿದಾಗ ನೋಟವನ್ನು ಆದಷ್ಟು ಕಾಪಾಡಿಕೊಂಡು ಅಂಕಿಗಳು ಬದಲಾಗುತ್ತವೆ. ಅಂಟಿಸಿದಾಗ ಅಂಕಿಗಳು ಹಾಗೇ ಇದ್ದು ನೋಟ ಬದಲಾಗುತ್ತದೆ. ಒಂದನ್ನು ಮಾಡಲು ಹೋಗಿ ಇನ್ನೊಂದನ್ನು ಒತ್ತಿ ಇಡೀ ಪುಟದ ಬಣ್ಣ ಕೆಡಿಸಿಕೊಳ್ಳುವುದು ತೀರ ಸಾಮಾನ್ಯ.

ಒತ್ತಕ್ಷರ ಮತ್ತು ಕಪ್ಪು

ಕನ್ನಡದಲ್ಲಿ ಪುಸ್ತಕ ತರುವವರು ಅತಿ ಹೆಚ್ಚು ಗಮನ ಕೊಡಬೇಕಾದ ಬಣ್ಣ ಕಪ್ಪು. ಪರದೆಯ ಕಪ್ಪು ಎಂದರೆ ಮೂರೂ ಸೊನ್ನೆ. ಅದನ್ನು ಯಾಂತ್ರಿಕವಾಗಿ ಬದಲಿಸಿದರೆ, ಮೇಲೆ ಹೇಳಿದ ಅಮೆರಿಕದ ಪ್ರೊಫೈಲಿನಲ್ಲಿ, ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಎಂದಾಗುತ್ತದೆ. ಒಟ್ಟು 300. ಒಂದು ಅಕ್ಷರಕ್ಕೆ ನಾಲ್ಕು ಶಾಯಿ.

ನಾಲ್ಕು ಪ್ಲೇಟು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರುವುದು ಎಂಥ ಮಷಿನ್‌ಮನ್‌ಗೂ ಕಷ್ಟ. ಮಿಲಿಮೀಟರಿನ ಹತ್ತನೇ ಒಂದು ಪಾಲು ಸರಿದರೂ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು ಇಣುಕುತ್ತದೆ. ಕನ್ನಡದ ಅಕ್ಷರಗಳ ತಲೆಕಟ್ಟು, ಗುಡಿಸು, ಕೆಳಗೆ ಪುಟ್ಟದಾಗಿ ಕೂರುವ ಒತ್ತುಗಳು, ಮಹಾಪ್ರಾಣದ ಸೀಳು ಇವೆಲ್ಲ ಎಷ್ಟು ಸೂಕ್ಷ್ಮ ಎಂದರೆ ಅಷ್ಟು ಸಣ್ಣ ಕದಲಿಕೆಯೂ ಓದನ್ನು ಮಸುಕಾಗಿಸುತ್ತದೆ. ವಯಸ್ಸಾದ ಓದುಗರಿಗೆ, ಈಗ ತಾನೇ ಓದು ಕಲಿಯುವ ಮಕ್ಕಳಿಗೆ ಇದು ನಿಜವಾದ ತೊಂದರೆ.

ಪರಿಹಾರ ಸುಲಭ. ಓದುವ ಅಕ್ಷರವೆಲ್ಲ ಕಪ್ಪು 100, ಉಳಿದ ಮೂರೂ 0 ಇರಬೇಕು. ಬಣ್ಣದ ಹಿನ್ನೆಲೆಯ ಮೇಲಾದರೆ ಕಪ್ಪು ಅದರ ಮೇಲೆಯೇ ಅಚ್ಚಾಗುವಂತೆ ಓವರ್‌ಪ್ರಿಂಟ್ ಇಡಬೇಕು. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಸ್ವಲ್ಪ ಸಯಾನ್ ಮುಂತಾದವನ್ನು ಸೇರಿಸಿ ಆಳ ಕೊಡಬಹುದು. ಬರೀ ಕಪ್ಪು ಅಲ್ಲಿ ಬೂದಿಯಂತೆ ಕಾಣುತ್ತದೆ.

ಆಗಲೂ ಒಟ್ಟು ಶಾಯಿಗೆ ಮಿತಿ ಇದೆ. ನಾಲ್ಕೂ ಪೂರ್ತಿಯಾದರೆ 400. ಆರ್ಟ್ ಪೇಪರ್ ಸುಮಾರು 300ರಿಂದ 330ರವರೆಗೆ ತಾಳುತ್ತದೆ. ನ್ಯೂಸ್‌ಪ್ರಿಂಟ್ 220ರಿಂದ 240ಕ್ಕೇ ಸುಸ್ತಾಗುತ್ತದೆ. ಮೀರಿದರೆ ಶಾಯಿ ಒಣಗದೆ ಎದುರಿನ ಪುಟಕ್ಕೆ ಅಂಟುತ್ತದೆ, ಹಿಂಬದಿಗೆ ಇಳಿಯುತ್ತದೆ.

ಯಾವಾಗ ಬದಲಿಸಬೇಕು?

ಸಿಎಂವೈಕೆಯಿಂದ ಮತ್ತೆ ಆರ್‌ಜಿಬಿಗೆ ತಂದರೆ ಹೋದ ಬಣ್ಣ ಹಿಂತಿರುಗುವುದಿಲ್ಲ. ಆದ್ದರಿಂದ ಮೂಲ ಫೋಟೋವನ್ನು ಆರ್‌ಜಿಬಿಯಲ್ಲೇ ಜೋಪಾನವಾಗಿಟ್ಟು, ಕಾಗದ ಮತ್ತು ಪ್ರೆಸ್ಸು ನಿರ್ಧಾರವಾದ ಮೇಲೆ ಒಂದು ಪ್ರತಿಯನ್ನು ಬದಲಿಸಬೇಕು. ನಾಳೆ ಅದೇ ಚಿತ್ರ ಆರ್ಟ್ ಪೇಪರಿಗೋ ಜಾಲತಾಣಕ್ಕೋ ಬೇಕಾದಾಗ ಮೂಲ ಕೈಯಲ್ಲಿರುತ್ತದೆ.

ಎಲ್ಲಕ್ಕೂ ಸಿಎಂವೈಕೆ ಬೇಕಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್ ಆರ್‌ಜಿಬಿಯನ್ನೇ ನಿರೀಕ್ಷಿಸುತ್ತದೆ. ಬದಲಾವಣೆಯನ್ನು ಅದರ ಡ್ರೈವರ್ ತಾನೇ ಮಾಡಿಕೊಳ್ಳುತ್ತದೆ. ಸ್ಟುಡಿಯೋಗಳ ಫೋಟೋ ಲ್ಯಾಬಿಗೂ ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಕಡತವೇ ಸಾಕು. ಇಂಥಲ್ಲಿ ಮೊದಲೇ ಬದಲಿಸಿ ಕೊಟ್ಟರೆ ಸುಮ್ಮನೆ ಬಣ್ಣ ಕಳೆದುಕೊಂಡಂತೆ.

ಉಪಕರಣಗಳ ಮಿತಿಯೂ ಗೊತ್ತಿರಬೇಕು. ವರ್ಡ್‌ನಲ್ಲಿ ಸಿಎಂವೈಕೆ ಕಡತ ತಯಾರಿಸುವ ಅನುಕೂಲ ಇಲ್ಲ. ಪಿಎನ್‌ಜಿ ಚಿತ್ರಕ್ಕೆ ಸಿಎಂವೈಕೆ ಹಿಡಿಸುವುದೇ ಇಲ್ಲ. ಕೋರಲ್‌ಡ್ರಾ, ಇನ್‌ಡಿಸೈನ್, ಉಚಿತವಾಗಿ ಸಿಗುವ ಸ್ಕ್ರೈಬಸ್ ಈ ಕೆಲಸಕ್ಕೆ ತಕ್ಕವು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬಂದದ್ದು ಕುಗ್ಗಿರುತ್ತದೆ, ಆದ್ದರಿಂದ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಬೇಕು.

ಪ್ಲೇಟ್ ಆಗುವ ಮುನ್ನ

ಪ್ಲೇಟು ಆದ ಮೇಲೆ ತಿದ್ದುವುದೆಂದರೆ ಹೊಸ ಪ್ಲೇಟಿನ ಖರ್ಚು. ಅದಕ್ಕೆ ಮೊದಲು ಪರದೆಯ ಮೇಲೆಯೇ ಅಚ್ಚಿನ ನೋಟವನ್ನು ಅಂದಾಜು ಮಾಡಬಹುದು. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜೊತೆ ವೈ ಒತ್ತಿದರೆ, ಆಯ್ದ ಪ್ರೊಫೈಲಿನಲ್ಲಿ ಬಣ್ಣ ಹೇಗೆ ತಗ್ಗುತ್ತದೆ ಎಂದು ಕಾಣುತ್ತದೆ. ಶಿಫ್ಟನ್ನೂ ಸೇರಿಸಿ ಒತ್ತಿದರೆ, ಕಾಗದಕ್ಕೆ ದಕ್ಕದ ಜಾಗಗಳು ಬೂದುಬಣ್ಣದಲ್ಲಿ ಎದ್ದು ತೋರುತ್ತವೆ. ಅನೇಕ ಪ್ರೆಸ್ಸುಗಳು ಪ್ರೂಫ್ ಪ್ರಿಂಟ್ ಕೊಡುತ್ತವೆ. ಅದನ್ನು ಅಂಗಡಿಯ ಬಣ್ಣದ ದೀಪದಲ್ಲಿ ನೋಡದೆ, ಹಗಲ ಬೆಳಕಿಗೆ ತಂದು ನೋಡಬೇಕು. ಫೋನಿನ ಪ್ರಖರತೆಯನ್ನು ಪೂರ್ತಿ ಏರಿಸಿ ಪಕ್ಕದಲ್ಲಿ ಹಿಡಿದರೆ ಯಾವ ಕಾಗದವೂ ಗೆಲ್ಲಲಾರದು.

ಗ್ರಾಹಕರು ಪ್ರೆಸ್ಸಿನಲ್ಲಿ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ. ಯಾವ ಕಾಗದ? ಯಾವ ಪ್ರೊಫೈಲಿಗೆ ಕಡತ ಬೇಕು? ಒಟ್ಟು ಶಾಯಿಯ ಮಿತಿ ಎಷ್ಟು? ಪಿಡಿಎಫ್ ಯಾವ ಬಗೆಯದು? ಮುದ್ರಣಕ್ಕೆಂದೇ ಪಿಡಿಎಫ್ ಎಕ್ಸ್-1ಎ, ಎಕ್ಸ್-4 ಎಂಬ ಮಾನದಂಡಗಳಿವೆ. ಮೊದಲನೆಯದರಲ್ಲಿ ಎಲ್ಲವೂ ಸಿಎಂವೈಕೆ ಅಥವಾ ವಿಶೇಷ ಶಾಯಿಯಲ್ಲೇ ಇರಬೇಕು. ಎರಡನೆಯದು ಪ್ರೊಫೈಲ್ ಇರುವ ಆರ್‌ಜಿಬಿ ಚಿತ್ರಗಳನ್ನೂ ಒಪ್ಪುತ್ತದೆ. ಆಗ ಅವುಗಳ ಕೊನೆಯ ಪರಿವರ್ತನೆ ಪ್ರೆಸ್ಸಿನಲ್ಲೇ ಆಗುತ್ತದೆ.

ಬಣ್ಣದ ಹೊಣೆ

ಲಗ್ನಪತ್ರಿಕೆಯ ನೀಲಿ ಕೆಟ್ಟರೆ ಮನಸ್ಸು ಮುದುಡುತ್ತದೆ, ಮದುವೆ ನಡೆಯುತ್ತದೆ. ಆದರೆ ಮಲೆನಾಡಿನ ಬೆಳೆಗಾರರಿಗೆ ಅಡಿಕೆಯ ಎಲೆಚುಕ್ಕಿ ರೋಗವನ್ನು ಗುರುತಿಸಲು ಹಂಚುವ ಕರಪತ್ರದಲ್ಲಿ ಎಲೆಯ ಹಸಿರು ಮಂಕಾಗಿ ಚುಕ್ಕಿಯ ಕಂದಿನೊಡನೆ ಬೆರೆತರೆ, ಆ ಕರಪತ್ರದ ಉದ್ದೇಶವೇ ಕೆಡುತ್ತದೆ. ಚರ್ಮರೋಗದ ಚಿತ್ರ, ವಿಜ್ಞಾನ ಪಾಠದ ಲಿಟ್ಮಸ್ ಕಾಗದ, ಭೂಪಟದ ಬಣ್ಣದ ಪಟ್ಟಿಗಳ ವಿಷಯವೂ ಇದೇ. ಅಲ್ಲಿ ಬಣ್ಣವೇ ಮಾಹಿತಿ. ಅಂಥ ಪುಟಗಳಲ್ಲಿ ಪರಿವರ್ತನೆಯನ್ನು ಅರಿತವರು ಕೂತು ಮಾಡಬೇಕು, ವಿಷಯ ತಿಳಿದವರು ಪ್ರೂಫ್ ನೋಡಿ ಸಹಿ ಹಾಕಬೇಕು.

ನಮ್ಮಲ್ಲಿ ಈ ಕೆಲಸದ ಭಾರ ಬೀಳುವುದು ಡಿಟಿಪಿ ಆಪರೇಟರ ಮೇಲೆ. ಬೆಂಗಳೂರಿನ ಪ್ರೆಸ್ಸಿರಲಿ, ಮುದ್ರಣ ಕಾಶಿ ಎಂದು ಹೆಸರಾದ ಗದಗದ ಪ್ರೆಸ್ಸಿರಲಿ, ಕೊನೆಯ ಗಳಿಗೆಯಲ್ಲಿ ಬಂದ ಕಡತವನ್ನು ರಾತ್ರಿಯೇ ಪ್ಲೇಟಿಗೆ ಕಳಿಸಬೇಕಾದ ಒತ್ತಡದಲ್ಲಿ ಒಂದು ಗುಂಡಿ ಒತ್ತಿ ಎಲ್ಲವನ್ನೂ ಬದಲಿಸುವುದು ಅನಿವಾರ್ಯವಾಗುತ್ತದೆ. ತಪ್ಪು ಆ ಕೈಯದಲ್ಲ, ಅದಕ್ಕೆ ಸಮಯ ಕೊಡದ ವ್ಯವಸ್ಥೆಯದು. ಪ್ರಕಾಶಕರು, ಇಲಾಖೆಗಳು ತಮ್ಮ ಲೆಕ್ಕದಲ್ಲಿ ಒಂದು ಪ್ರೂಫಿನ ಹಣವನ್ನೂ ಒಂದು ದಿನದ ಬಿಡುವನ್ನೂ ಮೊದಲೇ ಎತ್ತಿಡಬೇಕು. ದರಪಟ್ಟಿಯಲ್ಲಿ ಕಾಗದದ ತೂಕ, ಪ್ರತಿಗಳ ಸಂಖ್ಯೆ ಬರೆಯುವ ಪ್ರೆಸ್ಸುಗಳು ಪ್ರೊಫೈಲಿನ ಹೆಸರನ್ನೂ ಶಾಯಿಯ ಮಿತಿಯನ್ನೂ ಇನ್ನೊಂದು ಸಾಲಿನಲ್ಲಿ ಬರೆದುಕೊಡಬೇಕು. ಅಷ್ಟು ನಡೆದರೆ ಕಾಗದದ ಮೇಲೆ ಯಾವ ಬಣ್ಣ ಬರುತ್ತದೆಂದು ಕೊಡುವವರಿಗೂ ಮಾಡುವವರಿಗೂ ಅಚ್ಚಿಗೆ ಮೊದಲೇ ಗೊತ್ತಿರುತ್ತದೆ.